ಗಾಡಿ ಯಾಕೆ ನಡುಗುತ್ತೆ? ಸ್ಕ್ರೂ ಮುಟ್ಟೋಕೆ ಮುಂಚೆ ಓದಿ

ಕಾರ್ಬ್ಯುರೇಟರ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಪುಸ್ತಕದ ಒಂದು ಚಿತ್ರ. ಫ್ಲೋಟ್, ಜೆಟ್, ವೆಂಚುರಿ, ನಾಲ್ಕು ಬಾಣದ ಗುರುತು. ಚಿತ್ರ ಬರೆದು ಹೆಸರು ಹಾಕಿದರೆ ಮಾರ್ಕ್ಸ್ ಬರುತ್ತೆ, ಮುಂದಿನ ಪ್ರಶ್ನೆಗೆ ಹೋಗ್ತೀವಿ. ನಾವೂ ಹಾಗೇ ಇದ್ದೆವು, ಕಳೆದ ಸೆಮಿಸ್ಟರ್ ರಜೆಯಲ್ಲಿ ಬಿಳಿಗೆರೆಗೆ ಹೋಗೋವರೆಗೂ.

ಬಿಳಿಗೆರೆ ಇರೋದು ತಿಪಟೂರು ತಾಲ್ಲೂಕಿನಲ್ಲಿ. ಎತ್ತ ನೋಡಿದರೂ ತೆಂಗಿನ ತೋಟ. ನಮ್ಮಲ್ಲೊಬ್ಬನ ತಾತನ ಮನೆ ಅಲ್ಲಿದೆ. ಎಳನೀರು ಕುಡಿದು, ಊಟ ಮಾಡಿ, ತೋಟದಲ್ಲಿ ಮಲಗಿ ಬರೋಣ ಅಂತ ಮೂವರು ಹೋಗಿದ್ದೆವು. ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಆದರೆ ಮೊದಲನೇ ದಿನ ಸಂಜೆಯೇ ತಾತ ಶೆಡ್ ತೋರಿಸಿ, "ಏನ್ರಪ್ಪ, ಎಂಜಿನಿಯರಿಂಗ್ ಓದ್ತಾ ಇದೀರಲ್ಲ, ಇದಕ್ಕೆ ಏನಾಗೈತೆ ನೋಡ್ರಿ" ಅಂದುಬಿಟ್ಟರು.

ಅದು 1996ರ ಮಾರುತಿ 800. ಕೊಬ್ಬರಿಗೆ ಒಳ್ಳೇ ರೇಟು ಸಿಕ್ಕ ವರ್ಷ ತಗೊಂಡಿದ್ದಂತೆ. ಸ್ಟಾರ್ಟ್ ಆಗುತ್ತೆ, ರೋಡಲ್ಲಿ ಚೆನ್ನಾಗೇ ಓಡುತ್ತೆ. ಆದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಇಡೀ ಗಾಡಿ ಗಡಗಡ ನಡುಗುತ್ತೆ, ಎರಡು ನಿಮಿಷದಲ್ಲಿ ಆಫ್ ಆಗುತ್ತೆ. ಬಾನೆಟ್ ಮೇಲಿಟ್ಟ ಸ್ಟೀಲ್ ಲೋಟ ತಾನಾಗೇ ಜರುಗಿ ಜರುಗಿ ಅಂಚಿಗೆ ಬಂತು.

ತಮಾಷೆ ಅನ್ನಿಸಿತು, ಆದರೆ ಮನೆಯವರಿಗೆ ಅದು ತಮಾಷೆ ಆಗಿರಲಿಲ್ಲ. ಸ್ವಂತ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ಈ ಗಾಡಿಗೆ ಆ ಸಮಯ ಬಂದಿತ್ತು. ಎಮಿಷನ್ ಟೆಸ್ಟ್‌ನಲ್ಲಿ ಆಗಲೇ ಫೇಲ್ ಆಗಿತ್ತು. ಒಬ್ಬ ಮೆಕ್ಯಾನಿಕ್ ನೋಡಿ ಕಾರ್ಬ್ಯುರೇಟರ್ ಹೋಗಿದೆ ಅಂದಿದ್ದರು, ಇನ್ನೊಬ್ಬರು ಎಂಜಿನ್ನೇ ಬಿಚ್ಚಬೇಕು ಅಂದಿದ್ದರು. ಗಾಡಿಯ ಬೆಲೆಗಿಂತ ರಿಪೇರಿ ಖರ್ಚೇ ಜಾಸ್ತಿ ಆಗೋ ಲೆಕ್ಕ. ಗುಜರಿಗೆ ಹಾಕೋಣ ಅಂತ ಮನೆಯಲ್ಲಿ ಮಾತಾಗಿತ್ತು. ಅಜ್ಜಿಗೆ ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗೋಕೆ ಇದ್ದದ್ದು ಇದೊಂದೇ ಗಾಡಿ.

ನಾವು ಮಾಡಿದ ಮೊದಲನೇ ತಪ್ಪು

ನಾವು ಏನು ಮಾಡಿದೆವು ಗೊತ್ತಾ? ಮೊಬೈಲಲ್ಲಿ ಎರಡು ವಿಡಿಯೋ ನೋಡಿ, ಸ್ಕ್ರೂ ಡ್ರೈವರ್ ತಗೊಂಡು ಸೀದಾ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದೆವು. ಒಂದು ಸುತ್ತು ಒಳಗೆ, ಎರಡು ಸುತ್ತು ಹೊರಗೆ, ಮತ್ತೆ ಅರ್ಧ ಒಳಗೆ. ಹತ್ತು ನಿಮಿಷದ ಮೇಲೆ ಮೊದಲು ಎಲ್ಲಿತ್ತು ಅನ್ನೋದೇ ಮರೆತುಹೋಯಿತು. ಎರಡು ನಿಮಿಷ ನಿಲ್ಲುತ್ತಿದ್ದ ಗಾಡಿ ಈಗ ಎರಡು ಸೆಕೆಂಡೂ ನಿಲ್ಲುತ್ತಿಲ್ಲ!

ತಾತ ಬೈಯಲಿಲ್ಲ. "ಒಂದು ಕಾಯಿ ಅಲ್ಲಾಡಿಸಿ ಇಡೀ ಅಟ್ಟಕ್ಕೆ ಬೆಲೆ ಕಟ್ತೀರೇನ್ರಪ್ಪ?" ಅಂದರು ಅಷ್ಟೆ.

ಗೊತ್ತಿಲ್ಲದವರಿಗೆ ಹೇಳ್ತೀವಿ. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡೋಕೆ ಬಲಿತ ಕಾಯಿಗಳನ್ನ ಅಟ್ಟದ ಮೇಲೆ ನೆರಳಲ್ಲಿ ಎಂಟು-ಹತ್ತು ತಿಂಗಳು ಬಿಡ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನುತ್ತೆ. ಕಾಯಿ ಒಡೆಯದೇ ಒಳಗಿನ ಸ್ಥಿತಿ ತಿಳಿಯೋದು ಹೀಗೆ. ಎಂಜಿನ್ ವಿಷಯವೂ ಇದೇ ಅಂತ ಆಮೇಲೆ ಅರ್ಥ ಆಯ್ತು. ಬಿಚ್ಚೋಕೆ ಮುಂಚೆ ಕೇಳಬೇಕು. ಒಂದು ಸಲ ಅಲ್ಲ, ಕ್ರಮವಾಗಿ.

ಐಡ್ಲಿಂಗ್ ಅಂದ್ರೆ ಒಳಗೆ ಏನಾಗುತ್ತೆ?

ಮಾರುತಿ 800 ಎಂಜಿನ್ 796 ಸಿಸಿ, ಮೂರು ಸಿಲಿಂಡರ್. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಗಾಡಿಯಿಂದ ಸುಮಾರು 2000ದವರೆಗೆ ಇದಕ್ಕೆ ಕಾರ್ಬ್ಯುರೇಟರೇ ಇತ್ತು, ಆಮೇಲೆ ಫ್ಯುಯೆಲ್ ಇಂಜೆಕ್ಷನ್ ಬಂತು. ಇಂಜೆಕ್ಷನ್ ಗಾಡಿಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ಇಸಿಯು ಸರಿ ಮಾಡಿಕೊಳ್ಳುತ್ತೆ. ಕಾರ್ಬ್ಯುರೇಟರ್‌ಗೆ ತಲೆ ಇಲ್ಲ. ತೂತುಗಳ ಸೈಜು ಮತ್ತು ಗಾಳಿಯ ಒತ್ತಡ, ಇವೆರಡೇ ಅದರ ಲೆಕ್ಕ.

ಕಾಲು ತೆಗೆದಾಗ ಥ್ರಾಟಲ್ ಪ್ಲೇಟ್ ಹೆಚ್ಚುಕಮ್ಮಿ ಮುಚ್ಚಿರುತ್ತೆ. ವೆಂಚುರಿಯಲ್ಲಿ ಗಾಳಿಯ ವೇಗ ಸಾಲದು, ಮೇನ್ ಜೆಟ್‌ನಿಂದ ಪೆಟ್ರೋಲ್ ಬರೋದೇ ಇಲ್ಲ. ಅದಕ್ಕೆ ಐಡ್ಲಿಂಗ್‌ಗೆ ಅಂತಲೇ ಬೇರೆ ಒಂದು ಸಣ್ಣ ದಾರಿ ಇದೆ. ಐಡಲ್ ಜೆಟ್ ಮೂಲಕ ಬಂದ ಪೆಟ್ರೋಲ್, ಗಾಳಿಯ ಜೊತೆ ಬೆರೆತು, ಥ್ರಾಟಲ್ ಪ್ಲೇಟ್‌ನ ಕೆಳಗಿರೋ ತೂತಿನಿಂದ ಹೊರಗೆ ಬರುತ್ತೆ. ಆ ತೂತಿನ ಬಾಗಿಲು ಕಾಯೋದು ಮಿಕ್ಸ್ಚರ್ ಸ್ಕ್ರೂ. ಪ್ಲೇಟ್ ಎಷ್ಟು ತೆರೆದಿರಬೇಕು ಅಂತ ನಿರ್ಧರಿಸೋದು ಇನ್ನೊಂದು, ಐಡಲ್ ಸ್ಪೀಡ್ ಸ್ಕ್ರೂ. ಎರಡೂ ಬೇರೆ ಬೇರೆ, ಗೊಂದಲ ಮಾಡ್ಕೋಬೇಡಿ.

ಈಗ ಸ್ವಲ್ಪ ಲೆಕ್ಕ. 900 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 15 ಸುತ್ತು. ಫೋರ್ ಸ್ಟ್ರೋಕ್ ಆದ್ದರಿಂದ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತೆ, ಅಂದರೆ ಸೆಕೆಂಡಿಗೆ 7.5 ಸಲ. ಮೂರೂ ಸೇರಿ 22.5. ಒಂದು ಸಿಲಿಂಡರ್ ಕೈ ಕೊಟ್ಟರೆ ಸೆಕೆಂಡಿಗೆ ಏಳೆಂಟು ಸಲ ಒಂದೊಂದು ಖಾಲಿ ಬೀಳುತ್ತೆ. ಆ ಗಡಗಡ ಅನ್ನೋದು ಅದೇ. ಮೆಕ್ಯಾನಿಕ್‌ಗಳು ಇದನ್ನ ಮಿಸ್ಸಿಂಗ್ ಅಂತಾರೆ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಒಂದು ಹೋದರೆ ಕಾಲು ಭಾಗ ಶಕ್ತಿ ಹೋಯ್ತು, ಇಲ್ಲಿ ಮೂರನೇ ಒಂದು ಭಾಗ. ಮೂರು ಸಿಲಿಂಡರ್ ಗಾಡಿ ಅಷ್ಟೊಂದು ನಡುಗೋದು ಅದಕ್ಕೇ.

ಒಂದು ಸಿಲಿಂಡರ್ ಉರಿಯದೇ ಇರೋಕೆ ಕಾರಣ ಮೂರೇ ಗುಂಪು: ಕಿಡಿ ಸರಿ ಇಲ್ಲ, ಗಾಳಿ-ಪೆಟ್ರೋಲ್ ಪ್ರಮಾಣ ಸರಿ ಇಲ್ಲ, ಅಥವಾ ಕಂಪ್ರೆಷನ್ ಇಲ್ಲ. ಇಷ್ಟನ್ನ ಕಾಗದದ ಮೇಲೆ ಬರೆದುಕೊಂಡು ಎರಡನೇ ದಿನ ಬೆಳಿಗ್ಗೆ ಮತ್ತೆ ಶುರು ಮಾಡಿದೆವು. ರೂಲ್ಸ್ ಎರಡು. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ.

ಹೆಜ್ಜೆ 1: ಬರೀ ನೋಡಿ, ಕೇಳಿ

ಮೊದಲು ಗಾಡಿಯನ್ನ ಶೆಡ್‌ನಿಂದ ಹೊರಗೆ ತಳ್ಳಿದೆವು. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ, ಅದಕ್ಕೆ ವಾಸನೆ ಕೂಡ ಇಲ್ಲ.

ಎಂಜಿನ್ ತಣ್ಣಗಿದ್ದಾಗ ಮಾತ್ರ ನಡುಗುತ್ತಾ, ಬಿಸಿ ಆದಮೇಲೂ ನಡುಗುತ್ತಾ? ತಣ್ಣಗಿದ್ದಾಗ ಮಾತ್ರ ಅಂದ್ರೆ ಚೋಕ್ ನೋಡಬೇಕು. ಬಿಸಿ ಆದಮೇಲೆ ಹೆಚ್ಚಾಗಿ, ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಚೋಕ್ ಪೂರ್ತಿ ತೆರೆಯುತ್ತಿಲ್ಲ ಅಥವಾ ಫ್ಲೋಟ್ ಲೆವೆಲ್ ಜಾಸ್ತಿ ಇದೆ ಅಂತ ಅನುಮಾನ ಪಡಬಹುದು. ನಮ್ಮ ಗಾಡಿ ಎರಡೂ ಸಮಯ ನಡುಗುತ್ತಿತ್ತು. ಹೊಗೆ ಇರಲಿಲ್ಲ. ಏರ್ ಫಿಲ್ಟರ್ ತೆಗೆದು ನೋಡಿದರೆ ತೋಟದ ಧೂಳು, ತೆಂಗಿನ ನಾರಿನ ಚೂರು. ಕೊಡವಿ ಹಾಕಿದೆವು. ವ್ಯತ್ಯಾಸ ಆಗಲಿಲ್ಲ.

ಆಮೇಲೆ ಫೇಲ್ ಆದ ಎಮಿಷನ್ ಚೀಟಿ ನೋಡಿದೆವು. ಇದನ್ನ ಮೊದಲೇ ನೋಡಬೇಕಿತ್ತು. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 3 ಪರ್ಸೆಂಟ್, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ನಮ್ಮ ಚೀಟಿಯಲ್ಲಿ ಮೊದಲನೆಯದು ಮಿತಿಯೊಳಗೆ ಆರಾಮಾಗಿತ್ತು, ಎರಡನೆಯದು ದಾಟಿತ್ತು. ಇದರ ಅರ್ಥ ಏನು? ಪೆಟ್ರೋಲ್ ಜಾಸ್ತಿ ಆಗಿದ್ದರೆ ಗಾಳಿ ಸಾಲದೇ ಮಾನಾಕ್ಸೈಡ್ ಏರಬೇಕಿತ್ತು. ಅದು ಏರಿಲ್ಲ, ಆದರೆ ಉರಿಯದ ಪೆಟ್ರೋಲ್ ಹೊರಗೆ ಬರ್ತಿದೆ. ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಹತ್ತಿಕೊಳ್ಳುತ್ತಲೇ ಇಲ್ಲ. ರೋಗದ ಅರ್ಧ ರಿಪೋರ್ಟ್ ಡ್ಯಾಶ್‌ಬೋರ್ಡ್‌ನಲ್ಲೇ ಬಿದ್ದಿತ್ತು!

ಹೆಜ್ಜೆ 2: ಯಾವ ಸಿಲಿಂಡರ್?

ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಎರಡು ಸುತ್ತು ಹೊರಗೆ ತಂದು, ಎಂಜಿನ್ ಹೇಗೋ ನಿಲ್ಲೋ ಹಾಗೆ ಮಾಡಿಕೊಂಡೆವು. ಜೋರಾಗಿ ಬಿಗಿದರೆ ಸ್ಕ್ರೂ ತುದಿ ಹಾಳಾಗುತ್ತೆ, ಹುಷಾರು.

ಒಂದೊಂದೇ ಸಿಲಿಂಡರ್ ಕಿಡಿ ನಿಲ್ಲಿಸಿ ನೋಡೋದು ಮುಂದಿನ ಪರೀಕ್ಷೆ. ಚೆನ್ನಾಗಿ ಕೆಲಸ ಮಾಡ್ತಿರೋ ಸಿಲಿಂಡರ್ ನಿಲ್ಲಿಸಿದರೆ ಎಂಜಿನ್ ಇನ್ನೂ ಕುಸಿಯಬೇಕು. ಸತ್ತ ಸಿಲಿಂಡರ್ ನಿಲ್ಲಿಸಿದರೆ ಏನೂ ವ್ಯತ್ಯಾಸ ಆಗೋಲ್ಲ. ಕ್ಲಾಸ್‌ನಲ್ಲಿ ಕೆಲಸ ಮಾಡದವನು ರಜೆ ಹಾಕಿದರೆ ಗ್ರೂಪ್ ಪ್ರಾಜೆಕ್ಟ್‌ಗೆ ಏನೂ ಆಗಲ್ವಲ್ಲ, ಹಾಗೆ.

ಓಡೋ ಎಂಜಿನ್‌ನಲ್ಲಿ ಪ್ಲಗ್ ವೈರ್ ಬರಿಗೈಯಲ್ಲಿ ಎಳೀಬೇಡಿ, ಸಾವಿರಾರು ವೋಲ್ಟ್ ಇರುತ್ತೆ. ಎಂಜಿನ್ ಆಫ್ ಮಾಡಿ ಒಂದು ವೈರ್ ಬಿಡಿಸಿ, ಅದಕ್ಕೆ ಹಳೇ ಪ್ಲಗ್ ಸಿಕ್ಕಿಸಿ, ಆ ಪ್ಲಗ್‌ನ ಮೈ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗೋ ಹಾಗೆ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ. ವೈರ್ ಹಾಗೇ ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಹಾಳಾಗಬಹುದು. ಹತ್ತಿರದಲ್ಲಿ ಪೆಟ್ರೋಲ್ ಸೋರಿಕೆ ಇಲ್ಲ ಅಂತ ಮೊದಲೇ ನೋಡಿಕೊಂಡಿರಬೇಕು.

ಒಂದು ನಿಲ್ಲಿಸಿದಾಗ ಎಂಜಿನ್ ಆಫ್. ಎರಡು ನಿಲ್ಲಿಸಿದಾಗಲೂ ಆಫ್. ಮೂರನೆಯದು ನಿಲ್ಲಿಸಿದಾಗ ಅದೇ ಗಡಗಡ, ಏನೂ ಬದಲಾಗಲಿಲ್ಲ. ಕಳ್ಳ ಸಿಕ್ಕಿದ.

ಹೆಜ್ಜೆ 3: ಕಿಡಿಯಾ, ಮಿಶ್ರಣವಾ?

ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆವು. ಪ್ಲಗ್‌ನ ತುದಿ ನೋಡಿ ತುಂಬಾ ಹೇಳಬಹುದು. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಎಣ್ಣೆ ಇದ್ದರೆ ಆಯಿಲ್ ಮೇಲೆ ಬರ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು. ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ. ನಮ್ಮ ಮೊದಲೆರಡು ಪ್ಲಗ್ ಕಂದು, ಮೂರನೆಯದು ಬಿಳಿಚಿಕೊಂಡಿತ್ತು.

ಆದರೂ ಪ್ಲಗ್ಗೇ ಕೆಟ್ಟಿರಬಹುದಲ್ಲ? ಹೊಸದು ತರೋಕೆ ತಿಪಟೂರಿಗೆ ಓಡಲಿಲ್ಲ. ಒಂದನೇ ಪ್ಲಗ್ ಮೂರಕ್ಕೆ, ಮೂರನೆಯದು ಒಂದಕ್ಕೆ ಹಾಕಿದೆವು. ತೊಂದರೆ ಒಂದಕ್ಕೆ ಬಂದರೆ ಪ್ಲಗ್ ಕೆಟ್ಟಿದೆ ಅಂತ. ಬರಲಿಲ್ಲ, ಮೂರರಲ್ಲೇ ಉಳಿಯಿತು. ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯ ಮಲ್ಟಿಮೀಟರ್ ತಂದಿದ್ದ. ಮೂರೂ ವೈರ್‌ಗಳ ರೆಸಿಸ್ಟೆನ್ಸ್ ಅಳೆದು ನೋಡಿದ, ದೊಡ್ಡ ವ್ಯತ್ಯಾಸ ಇರಲಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಬಿರುಕು, ಕಪ್ಪು ಗೆರೆ ಏನೂ ಕಾಣಲಿಲ್ಲ. ಕಿಡಿ ಕೇಸ್‌ನಿಂದ ಹೊರಗೆ ಬಂತು.

ಕಂಪ್ರೆಷನ್? ಗಾಡಿ ರೋಡಲ್ಲಿ ಸ್ಪೀಡಾಗಿ ಹೋದಾಗ ಮಿಸ್ಸಿಂಗ್ ಇಲ್ಲ, ಎಳೆತ ಚೆನ್ನಾಗಿದೆ. ಕಂಪ್ರೆಷನ್ ಪೂರ್ತಿ ಹೋಗಿದ್ದರೆ ಅಲ್ಲೂ ಕಷ್ಟ ಪಡಬೇಕಿತ್ತು. ಹಾಗಾಗಿ ಅದನ್ನ ಕೊನೆಗೆ ಇಟ್ಟುಕೊಂಡೆವು. ಐಡಲ್ ಜೆಟ್‌ನಲ್ಲಿ ಕಸ ಕಟ್ಟಿದ್ದರೆ? ಆ ಜೆಟ್ ಮೂರೂ ಸಿಲಿಂಡರ್‌ಗೆ ಸೇರಿದ್ದು, ಬಡಪಾಯಿ ಮೂರನೆಯದಕ್ಕೆ ಮಾತ್ರ ಯಾಕೆ ತೊಂದರೆ ಕೊಡುತ್ತೆ? ಉಳಿದಿದ್ದು ಒಂದೇ: ಮೂರನೇ ಸಿಲಿಂಡರ್ ಕಡೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರ್ತಿದೆ. ಗ್ಯಾರೇಜ್ ಭಾಷೆಯಲ್ಲಿ ಏರ್ ಎಳೀತಿದೆ.

ಹೆಜ್ಜೆ 4: ಏರ್ ಲೀಕ್ ಹುಡುಕೋದು

ಇಷ್ಟು ಸಣ್ಣ ತೂತು ಇಷ್ಟು ದೊಡ್ಡ ಗಾಡಿಯನ್ನ ಹೇಗೆ ನಡುಗಿಸುತ್ತೆ ಅಂತ ನಮಗೂ ಅನುಮಾನ ಇತ್ತು. ಅಂದಾಜು ಲೆಕ್ಕ ಹಾಕಿದೆವು. 900 ಆರ್‌ಪಿಎಂನಲ್ಲಿ ಎಂಜಿನ್ ನಿಮಿಷಕ್ಕೆ 450 ಸಲ 796 ಸಿಸಿ ಎಳೆಯುತ್ತೆ, ಅಂದರೆ ಸುಮಾರು 358 ಲೀಟರ್. ಆದರೆ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನದರ ಮೂರನೇ ಒಂದು ಭಾಗದ ಆಸುಪಾಸು. ಹಾಗಾಗಿ ಹೊರಗಿನ ಗಾಳಿ ಲೆಕ್ಕದಲ್ಲಿ ಎಂಜಿನ್ ಕುಡಿಯೋದು ಬರೀ 120 ಲೀಟರ್.

ಈಗ 2 ಮಿ.ಮೀ. ಅಗಲದ ಒಂದು ತೂತು ಇದೆ ಅಂದುಕೊಳ್ಳಿ. ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತ ಕಡಿಮೆ ಇದ್ದಾಗ ಗಾಳಿ ಆ ತೂತಿನಲ್ಲಿ ಶಬ್ದದ ವೇಗದಲ್ಲಿ ನುಗ್ಗುತ್ತೆ. ಫ್ಲೂಯಿಡ್ಸ್‌ನಲ್ಲಿ ಬರೋ ಚೋಕ್ಡ್ ಫ್ಲೋ ಇದೇ. ಆ ಸೂತ್ರ ಹಾಕಿದರೆ ನಿಮಿಷಕ್ಕೆ ಸುಮಾರು 25 ಲೀಟರ್ ಬರುತ್ತೆ. 120ಕ್ಕೆ 25, ಅಂದರೆ ಐದನೇ ಒಂದು ಭಾಗ! ಗಾಳಿ-ಪೆಟ್ರೋಲ್ ಪ್ರಮಾಣ 13.5ಕ್ಕೆ 1 ಇದ್ದದ್ದು 16ಕ್ಕೆ 1 ದಾಟುತ್ತೆ. ತೂತು ಒಂದು ಸಿಲಿಂಡರ್‌ಗೆ ಹತ್ತಿರ ಇದ್ದರೆ ಅದರ ಪಾಲಿಗೆ ಇನ್ನೂ ಹೆಚ್ಚು ಬೀಳುತ್ತೆ, ಕಿಡಿ ಹೊಡೆದರೂ ಹತ್ತಿಕೊಳ್ಳಲ್ಲ.

ಅದೇ 4000 ಆರ್‌ಪಿಎಂನಲ್ಲಿ ಥ್ರಾಟಲ್ ಚೆನ್ನಾಗಿ ತೆರೆದಾಗ ಎಂಜಿನ್ ಸಾವಿರ ಲೀಟರ್ ಮೇಲೆ ಕುಡಿಯುತ್ತೆ. ಅಲ್ಲಿ 25 ಲೀಟರ್ ಯಾವ ಲೆಕ್ಕ? ಒಳಗಿನ ಸೆಳೆತವೂ ಕಮ್ಮಿ ಆಗಿರೋದ್ರಿಂದ ಅಷ್ಟೂ ಬರಲ್ಲ. ರೋಡಲ್ಲಿ ಚೆನ್ನಾಗಿ ಓಡಿ, ನಿಂತಾಗ ಮಾತ್ರ ನಡುಗೋ ಗಾಡಿಯ ಗುಟ್ಟು ಇಷ್ಟೇ.

ಸಾಮಾನ್ಯವಾಗಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕ್ತಾರೆ. ಅದು ಹೊತ್ತಿಕೊಳ್ಳೋ ವಸ್ತು. ಸುತ್ತಲೂ ಒಣಗಿದ ಗರಿ, ಕಾಯಿ ಸಿಪ್ಪೆಯ ರಾಶಿ ಇರೋ ಜಾಗದಲ್ಲಿ ಬಿಸಿ ಎಂಜಿನ್ ಮೇಲೆ ಅದನ್ನ ಹೊಡೆಯೋ ಧೈರ್ಯ ನಮಗಿರಲಿಲ್ಲ. ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸೋ ಬಾಟಲಿ ಅಜ್ಜಿ ಕೊಟ್ಟರು. ಕಾರ್ಬ್ಯುರೇಟರ್ ಬುಡ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಒಂದೊಂದು ಜಾಯಿಂಟ್‌ಗೂ ಸ್ವಲ್ಪ ಸ್ವಲ್ಪ ನೀರು ಹೊಡೆದೆವು, ಪ್ಲಗ್ ವೈರ್ ಮತ್ತು ಡಿಸ್ಟ್ರಿಬ್ಯೂಟರ್ ಮೇಲೆ ಬೀಳದ ಹಾಗೆ. ಲೀಕ್ ಇದ್ದ ಕಡೆ ನೀರು ಕ್ಷಣ ತೂತು ಮುಚ್ಚುತ್ತೆ, ಎಂಜಿನ್ ಸದ್ದು ಬದಲಾಗುತ್ತೆ. ಗ್ಯಾಸ್ಕೆಟ್‌ಗಳ ಹತ್ತಿರ ಏನೂ ಆಗಲಿಲ್ಲ.

ಆಮೇಲೆ ರಬ್ಬರ್ ಹೋಸ್‌ಗಳನ್ನ ಒಂದೊಂದಾಗಿ ನೋಸ್ ಪ್ಲೈಯರ್‌ನಿಂದ ಮೆಲ್ಲಗೆ ಒತ್ತಿ ಹಿಡಿದೆವು, ಫ್ಯಾನ್ ಬೆಲ್ಟ್‌ನಿಂದ ಕೈ ದೂರ ಇಟ್ಟುಕೊಂಡು. ಮೂರನೇ ಸಿಲಿಂಡರ್ ಕಡೆ ಮ್ಯಾನಿಫೋಲ್ಡ್‌ಗೆ ಸೇರೋ ಒಂದು ಸಣ್ಣ ಹೋಸ್‌ನ ಬುಡ ಒತ್ತಿದ ಕೂಡಲೇ ಎಂಜಿನ್ ನೆಟ್ಟಗೆ ಉಸಿರಾಡಿತು. ಗಡಗಡ ನಿಂತುಹೋಯ್ತು. ಬಿಟ್ಟರೆ ಮತ್ತೆ ಶುರು. ಒತ್ತಿದರೆ ನಿಲ್ಲುತ್ತೆ. ಮೂವರೂ ಒಂದೊಂದು ಸಲ ಒತ್ತಿ ನೋಡಿ ಖುಷಿ ಪಟ್ಟೆವು.

ಹೋಸ್ ಬಿಚ್ಚಿ ಬಗ್ಗಿಸಿದಾಗ ಕೆಳಭಾಗದಲ್ಲಿ ಬಿರುಕು ಬಾಯಿ ಬಿಟ್ಟಿತು. ಮೇಲಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಇಷ್ಟು ವರ್ಷ ಎಂಜಿನ್ ಬಿಸಿಯಲ್ಲಿ ಕೂತ ರಬ್ಬರ್ ಬಿರಿಯದೇ ಇನ್ನೇನು ಮಾಡುತ್ತೆ?

ಸ್ಕ್ರೂ ಮುಟ್ಟೋ ಸಮಯ ಈಗ

ತಿಪಟೂರಿನ ಸ್ಪೇರ್ಸ್ ಅಂಗಡಿಯಲ್ಲಿ ಹೊಸ ಹೋಸ್‌ಗೆ ನೂರು ರೂಪಾಯಿಯೂ ಆಗಲಿಲ್ಲ. ಅದೇ ವಯಸ್ಸಿನ ಬೇರೆ ಹೋಸ್‌ಗಳನ್ನೂ ಬದಲಾಯಿಸಿದೆವು. ಆಮೇಲೆ, ಎಲ್ಲಾ ಆದಮೇಲೆ, ಟ್ಯೂನಿಂಗ್.

ಎಂಜಿನ್ ಪೂರ್ತಿ ಬಿಸಿ ಆಗಲಿ, ಏರ್ ಫಿಲ್ಟರ್ ಹಾಕಿರಲಿ. ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಆರ್‌ಪಿಎಂ ಏರೋ ದಿಕ್ಕಿನಲ್ಲಿ ಮುಂದುವರಿಸಿ, ಅತಿ ಹೆಚ್ಚು ಆಗೋ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಐಡಲ್ ಸ್ಪೀಡ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಿ. ಎರಡು ಮೂರು ಸಲ ಹೀಗೇ ಮಾಡಿದರೆ ಕೂತುಕೊಳ್ಳುತ್ತೆ. ಗಾಡಿ ಆಫ್ ಆಗದಿರಲಿ ಅಂತ ಹಿಂದೆ ಯಾರೋ ಸ್ಪೀಡ್ ಸ್ಕ್ರೂ ತುಂಬಾ ಒಳಗೆ ಕೊಟ್ಟಿದ್ದರು, ಅದನ್ನೂ ವಾಪಸ್ ತಂದೆವು. ಲೋಟ ಮತ್ತೆ ಬಾನೆಟ್ ಮೇಲಿಟ್ಟು ನೋಡಿದೆವು. ಮೂರು ಸಿಲಿಂಡರ್ ಗಾಡಿ ಅಲ್ವಾ, ನೀರಲ್ಲಿ ಸಣ್ಣ ಅಲೆ ಇದ್ದೇ ಇತ್ತು. ಲೋಟ ಮಾತ್ರ ಇಟ್ಟ ಜಾಗ ಬಿಡಲಿಲ್ಲ.

ಮಾರನೇ ದಿನ ಎಮಿಷನ್ ಟೆಸ್ಟ್ ಪಾಸ್ ಆಯ್ತು. ರಿನ್ಯೂವಲ್‌ಗೆ ಬ್ರೇಕ್, ಲೈಟು, ಬಾಡಿ ಎಲ್ಲಾ ನೋಡ್ತಾರೆ, ಆ ಕೆಲಸ ಇನ್ನೂ ಬಾಕಿ ಇದೆ. ಆದರೆ ಗುಜರಿ ಮಾತು ಸದ್ಯಕ್ಕೆ ನಿಂತಿದೆ. "ಮೊದಲೇ ಕೇಳಿಸ್ಕೊಂಡಿದ್ರೆ ಒಂದಿನ ಉಳೀತಿತ್ತು ಕಣ್ರಪ್ಪ" ಅಂದರು ತಾತ.

ನಿಮಗೇನು ಉಪಯೋಗ?

ನಮ್ಮ ಮನೇಲಿ ಹಳೇ ಕಾರಿಲ್ಲ ಅಂತೀರಾ? 2020ರ ಏಪ್ರಿಲ್‌ನಲ್ಲಿ ಬಿಎಸ್6 ಬರೋಕೆ ಮುಂಚಿನ ಸ್ಪ್ಲೆಂಡರ್ ಥರದ ಬೈಕ್ ಊರಲ್ಲಿ ನಿಮ್ಮ ಅಪ್ಪನ ಹತ್ತಿರ ಇದ್ದೇ ಇರುತ್ತೆ. ಅದರಲ್ಲೂ ಕಾರ್ಬ್ಯುರೇಟರೇ. ಅಲ್ಲಿ ಸಿಲಿಂಡರ್ ಒಂದೇ, ಆದರೆ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಜಾಯಿಂಟ್ ಬಿರಿದರೆ ಇದೇ ಕಥೆ.

ಕ್ರಮ ಇಷ್ಟು: ಮೊದಲು ನೋಡಿ, ಕೇಳಿ. ಆಮೇಲೆ ಯಾವ ಸಿಲಿಂಡರ್ ಅಂತ ಹಿಡಿಯಿರಿ. ಪ್ಲಗ್ ಬಣ್ಣ ನೋಡಿ, ಅದಲುಬದಲು ಮಾಡಿ ಕಿಡಿ ಪರೀಕ್ಷಿಸಿ. ಏರ್ ಲೀಕ್ ಹುಡುಕಿ. ಮೂರೂ ಸಿಲಿಂಡರ್ ಒಟ್ಟಿಗೆ ಕುಂಟುತ್ತಿದ್ದರೆ ಐಡಲ್ ಜೆಟ್ ಬಿಚ್ಚಿ ಗಾಳಿ ಊದಿ, ತಂತಿ ತೂರಿಸಬೇಡಿ, ತೂತಿನ ಸೈಜೇ ಬದಲಾಗುತ್ತೆ. ಯಾವುದಕ್ಕೂ ಬಗ್ಗದಿದ್ದರೆ ವಾಲ್ವ್ ಕ್ಲಿಯರೆನ್ಸ್, ಕಂಪ್ರೆಷನ್. ಮಿಕ್ಸ್ಚರ್ ಸ್ಕ್ರೂ ಎಲ್ಲಕ್ಕಿಂತ ಕೊನೆಗೆ. ಯಾವ ಸ್ಕ್ರೂ ಮುಟ್ಟಿದರೂ ಮೊದಲು ಎಷ್ಟು ಸುತ್ತು ಇತ್ತು ಅಂತ ಬರೆದಿಟ್ಟುಕೊಳ್ಳಿ. ನಾವು ಬರೆದಿಟ್ಟುಕೊಳ್ಳದೇ ಒಂದು ಸಂಜೆ ಕಳೆದುಕೊಂಡೆವು.

ಅದೃಷ್ಟಕ್ಕೆ ಎಳನೀರು ಕುಡಿಯೋಕೆ ಇನ್ನೂ ಒಂದು ದಿನ ಉಳಿದಿತ್ತು.